ಭವನಕ್ಕೆ ವಿಮೆ ಬೇಡವೆಂದವರಿಗೆ

ನಮ್ಮೂರ ಸಮುದಾಯ ಭವನದ ವಾರ್ಷಿಕ ಮಹಾಸಭೆಯಲ್ಲಿ ಈ ಸಲ ಲೆಕ್ಕಪತ್ರ ಓದಿ ಮುಗಿಸಿದ ಮೇಲೆ, ಕಾರ್ಯದರ್ಶಿಯಾಗಿ ನಾನೊಂದು ಠರಾವು ಮಂಡಿಸಿದೆ: ಕಟ್ಟಡಕ್ಕೂ ಅಲ್ಲಿಗೆ ಬರುವ ಜನರ ಸಲುವಾಗಿಯೂ ವಿಮೆ ಮಾಡಿಸಬೇಕು. ಒಂದು ಗಂಟೆ ಚರ್ಚೆ ನಡೆದು ಠರಾವು ಬಿದ್ದುಹೋಯಿತು. ಬೇಡವೆಂದವರಲ್ಲಿ ಈ ಭವನದ ಬುನಾದಿಗೆ ಕಲ್ಲು ಹೊತ್ತವರಿದ್ದಾರೆ, ಶ್ರಮದಾನದಲ್ಲಿ ಹೆಂಚು ಹೊದಿಸಿದವರಿದ್ದಾರೆ. ಅವರ ನಿಯತ್ತಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರು ಕೊಟ್ಟ ಕಾರಣಗಳನ್ನು ಮಾತ್ರ ಒಪ್ಪಲಾರೆ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಸಮಾಜದ ಸಂಘ ಎಂದು ಬೇರೆ ಬೇರೆ ಹೆಸರಿನಲ್ಲಿ ಸಂಬಳವಿಲ್ಲದೆ ಭವನ ನಡೆಸುವವರೆಲ್ಲ ಇದೇ ಮಾತುಗಳನ್ನು ಕೇಳಿರುತ್ತಾರೆ. ಹಾಗಾಗಿ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಎದ್ದ ಮಾತು: "ಇಷ್ಟು ವರ್ಷ ಏನೂ ಆಗಿಲ್ಲ, ಇನ್ನೇನಾಗುತ್ತದೆ?"

ಏನೂ ಆಗಿಲ್ಲವೇ? ಮೂರು ವರ್ಷದ ಹಿಂದೆ ಒಂದು ಮದುವೆಯ ದಿನ ಅಡುಗೆಯವರ ಜೊತೆ ಬಂದಿದ್ದ ಹುಡುಗ ಸಾರಿನ ಕೊಪ್ಪರಿಗೆ ಇಳಿಸುವಾಗ ಜಾರಿಬಿದ್ದ. ಮೊಣಕಾಲಿನಿಂದ ಕೆಳಗೆ ಸುಟ್ಟುಹೋಯಿತು. ಅಡುಗೆಮನೆಯ ನೀರು ಹೋಗುವ ಕೊಳವೆ ಕಟ್ಟಿಕೊಂಡು ಒಂದು ತಿಂಗಳಾಗಿತ್ತು, ನೆಲದ ಮೇಲೆ ನೀರು ನಿಂತಿತ್ತು. ಅದನ್ನು ಸರಿಮಾಡಿಸಬೇಕಾದವರು ಸಮಿತಿಯವರು, ಅಂದರೆ ನಾವು. ಆ ಸಂಜೆ ಟವೆಲ್ ಹಿಡಿದು ಊರೆಲ್ಲ ಸುತ್ತಿ ಸೇರಿದಷ್ಟನ್ನು ಅವನ ತಾಯಿಯ ಕೈಗೆ ಕೊಟ್ಟೆವು. ಎರಡು ತಿಂಗಳು ಹಾಸಿಗೆ ಹಿಡಿದವನ ಖರ್ಚಿನ ಮುಂದೆ ಅದು ಯಾವ ಲೆಕ್ಕಕ್ಕೂ ಇರಲಿಲ್ಲ. ಆ ತಾಯಿ ನಮ್ಮ ಮುಂದೆ ತಲೆ ತಗ್ಗಿಸಿ ಕೂತಿದ್ದನ್ನು ನಾನು ಮರೆತಿಲ್ಲ. ತಪ್ಪು ನಮ್ಮದು, ತಲೆ ತಗ್ಗಿಸಿದ್ದು ಅವರು. ನಮ್ಮ ನಡಾವಳಿ ಪುಸ್ತಕದಲ್ಲಿ ಈ ಘಟನೆಯ ಒಂದು ಸಾಲೂ ಇಲ್ಲ.

ದೊಡ್ಡ ಅನಾಹುತಗಳೂ ಇಂಥ ಜಾಗಗಳಲ್ಲೇ ಆಗಿವೆ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಕಲ್ಯಾಣ ಮಂಟಪದಲ್ಲಿ ವಿಡಿಯೊದವರ ದೀಪದ ತಂತಿಯಿಂದ ಹತ್ತಿದ ಕಿಡಿ ಚಪ್ಪರಕ್ಕೆ ಹಿಡಿಯಿತು. ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಭವನದಲ್ಲೂ ಮದುವೆಗೆ ಮದುವೆಗೆ ಹೊಸ ಸೌಂಡ್ಸ್‌ನವರು, ಹೊಸ ಲೈಟಿಂಗ್‌ನವರು ಬಂದು ಅದೇ ಹಳೆಯ ಬೋರ್ಡಿಗೆ ವೈರು ಸಿಕ್ಕಿಸುತ್ತಾರೆ.

ಎರಡನೆಯದು, ಎಲ್ಲರೂ ತಲೆದೂಗಿದ ಮಾತು: "ನಾವು ಸೇವೆ ಮಾಡುವವರು. ಲಾಭಕ್ಕೆ ನಿಂತವರಲ್ಲ. ನಮ್ಮ ಮೇಲೆ ಕೇಸು ಹಾಕುವವರು ಯಾರು?"

1995ರ ಡಿಸೆಂಬರ್ 23. ಹರಿಯಾಣದ ಡಬ್ವಾಲಿಯಲ್ಲಿ ಒಂದು ಮದುವೆ ಮಂಟಪವನ್ನು ಪಡೆದು ಶಾಲಾ ವಾರ್ಷಿಕೋತ್ಸವ ನಡೆಸಿದ್ದರು. ಶಾಮಿಯಾನಕ್ಕೆ ಬೆಂಕಿ ಬಿತ್ತು. ಹೊರಹೋಗಲು ದಾರಿ ಸಾಲದೆ 400ಕ್ಕೂ ಹೆಚ್ಚು ಜನ ಬೆಂದುಹೋದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು. ಶಾಲೆ ನಡೆಸುತ್ತಿದ್ದುದು ಒಂದು ಶಿಕ್ಷಣ ಸಂಸ್ಥೆ, ಲಾಭದ ಕಂಪನಿಯಲ್ಲ. ಆದರೂ 2009ರಲ್ಲಿ ಹೈಕೋರ್ಟ್ ತೀರ್ಪು ಬಂದಾಗ ಪರಿಹಾರದ ಹೊಣೆಯ ದೊಡ್ಡ ಪಾಲು ಬಿದ್ದದ್ದು ಆ ಸಂಸ್ಥೆಯ ಮೇಲೆ, ಉಳಿದದ್ದು ಸರ್ಕಾರದ ಮೇಲೆ. ನಡುವೆ ಹದಿನಾಲ್ಕು ವರ್ಷ ಕಳೆದಿತ್ತು. ಒಳ್ಳೆಯ ಉದ್ದೇಶವಿತ್ತೇ ಎಂದು ನ್ಯಾಯಾಲಯ ಕೇಳುವುದಿಲ್ಲ, ಎಚ್ಚರ ವಹಿಸಿದ್ದಿರಾ ಎಂದು ಕೇಳುತ್ತದೆ.

ಸಂಘ ನೋಂದಣಿಯಾಗಿದ್ದರೆ ನಷ್ಟ ತುಂಬಿಕೊಡಬೇಕೆಂಬ ಡಿಕ್ರಿ ಸಾಮಾನ್ಯವಾಗಿ ಸಂಘದ ಆಸ್ತಿಯ ಮೇಲೆ ಬರುತ್ತದೆ. ನಮ್ಮ ಸಂಘದ ಆಸ್ತಿ ಯಾವುದು? ಈ ಭವನ ಒಂದೇ. ಮೂರು ತಲೆಮಾರು ಸೇರಿ ಕಟ್ಟಿದ್ದು ಒಂದೇ ಏಟಿಗೆ ಹರಾಜಿಗೆ ಬರಬಹುದು. ನೋಂದಣಿಯೇ ಇಲ್ಲದ ಸಮಿತಿಗಳ ಪಾಡು ಇನ್ನೂ ಕಷ್ಟ. ಅಲ್ಲಿ ಜವಾಬ್ದಾರಿ ಹೊತ್ತವರ ಮನೆ, ತೋಟಕ್ಕೇ ಕುತ್ತು ಬರಬಹುದು. ಸಭೆಯಲ್ಲಿ ಒಬ್ಬರು, "ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾರ್ಖಾನೆಗಳಿಗೆ ಮಾತ್ರ" ಎಂದರು. ಅವರು ಹೇಳಿದ್ದು 1991ರ ಕಾಯ್ದೆ. ಭೋಪಾಲದ ದುರಂತದ ನಂತರ ಬಂದ ಆ ಕಾಯ್ದೆ ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ ವಿಮೆಯನ್ನು ಕಡ್ಡಾಯ ಮಾಡಿತು. ಹೋಟೆಲು, ಶಾಲೆ, ಭವನಗಳವರು ತಾವಾಗಿಯೇ ತೆಗೆದುಕೊಳ್ಳಬಹುದಾದ ಪಾಲಿಸಿ ಬೇರೆಯೇ ಇದೆ. ನಮ್ಮ ಅಜಾಗ್ರತೆಯಿಂದ ಹೊರಗಿನವರಿಗೆ ಪೆಟ್ಟಾದರೆ ಕಾನೂನಿನಂತೆ ನಾವು ಕೊಡಬೇಕಾದ ಪರಿಹಾರವನ್ನು, ಪಾಲಿಸಿಯ ಮಿತಿಯವರೆಗೆ, ಅದು ಕೊಡುತ್ತದೆ. ಊಟದಿಂದ ವಿಷಬಾಧೆಯಾದರೆ ಎಂಬ ಅಂಶವನ್ನೂ ಸೇರಿಸಿಕೊಳ್ಳಬಹುದು. ಸಾವಿರ ಎಲೆ ಹಾಕುವ ಊರಿನಲ್ಲಿ ಇದನ್ನು ಬಿಡಬಾರದು. ಯಾರದಾದರೂ ಅಜಾಗ್ರತೆಯಿಂದ ಜೀವ ಹೋದರೆ ಕ್ರಿಮಿನಲ್ ಕೇಸು ಬೇರೆ, ಅದರ ಶಿಕ್ಷೆಯನ್ನು ಯಾವ ವಿಮೆಯೂ ಹೊರುವುದಿಲ್ಲ. ಆದ್ದರಿಂದ ವಿಮೆ ಮಾಡಿಸಿದ ಮಾತ್ರಕ್ಕೆ ಕೊಳವೆ ಸರಿಮಾಡಿಸುವ ಕೆಲಸ ತಪ್ಪಿತೆಂದು ಯಾರೂ ತಿಳಿಯಬೇಡಿ.

"ಬಾಡಿಗೆ ಫಾರಂನಲ್ಲಿ ಬರೆಸಿಕೊಂಡಿದ್ದೇವಲ್ಲ" ಎಂದರು ಖಜಾಂಚಿಗಳು. ಹೌದು, "ಯಾವುದೇ ಅನಾಹುತಕ್ಕೆ ಸಮಿತಿ ಜವಾಬ್ದಾರಿಯಲ್ಲ" ಎಂದು ದಪ್ಪ ಅಕ್ಷರದಲ್ಲಿದೆ. ಅದಕ್ಕೆ ಸಹಿ ಹಾಕಿದವರು ಮದುಮಗಳ ತಂದೆ. ಊಟಕ್ಕೆ ಬಂದ ನೆಂಟರು ಸಹಿ ಹಾಕಿಲ್ಲ, ಅಡುಗೆಯ ಹುಡುಗ ಸಹಿ ಹಾಕಿಲ್ಲ, ಮೆಟ್ಟಿಲಲ್ಲಿ ಆಡುತ್ತಿದ್ದ ಮಗು ಹಾಕಿಲ್ಲ. ತಾವು ಮಾಡಿಕೊಳ್ಳದ ಕರಾರಿಗೆ ಅವರನ್ನು ಕಟ್ಟಿಹಾಕಲು ಆಗುವುದಿಲ್ಲ. ಇನ್ನು ನಮ್ಮ ಕೊಳವೆ ಕಟ್ಟಿಕೊಂಡಿದ್ದಕ್ಕೆ ಮದುಮಗಳ ತಂದೆ ಹೇಗೆ ಹೊಣೆ? ಆ ಸಾಲು ಕುರ್ಚಿ ಮುರಿದವರಿಂದ ದಂಡ ವಸೂಲಿಗೆ ಸಾಕು, ಜೀವದ ವಿಷಯಕ್ಕೆ ಸಾಲದು.

ಗ್ಯಾಸ್ ಕಂಪನಿಯವರ ವಿಮೆ ಇದೆಯೆಂಬುದು ಇನ್ನೊಂದು ನಂಬಿಕೆ. ಇದೆ, ನಿಜ. ತೈಲ ಕಂಪನಿಗಳ ಪಾಲಿಸಿಯಲ್ಲಿ ಸಿಲಿಂಡರ್ ಅಪಘಾತದಲ್ಲಿ ಸತ್ತರೆ ತಲಾ 6 ಲಕ್ಷ ರೂಪಾಯಿವರೆಗೆ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ ಸಿಗುತ್ತದೆ. ಕಟ್ಟಡದ ಹಾನಿಗೆ ಇರುವುದು ಒಂದು ಘಟನೆಗೆ 2 ಲಕ್ಷದ ಮಿತಿ, ಅದೂ ಗ್ರಾಹಕರ ನೋಂದಾಯಿತ ಸ್ಥಳದಲ್ಲಿ ಆದರೆ. ಅಡುಗೆಯವರು ಯಾರ್ಯಾರದೋ ಮನೆಯ ಸಿಲಿಂಡರ್ ಹೊತ್ತು ತರುವ ನಮ್ಮ ಭವನ ಯಾರ ನೋಂದಾಯಿತ ಸ್ಥಳ? ಮದುವೆಯಡುಗೆಗೆ ಮನೆಬಳಕೆಯ ಸಿಲಿಂಡರ್ ಹಚ್ಚುವುದೇ ನಿಯಮಕ್ಕೆ ವಿರುದ್ಧ. ಬೆಂಕಿಗಂತೂ ಈ ಪಾಲಿಸಿಯನ್ನು ನೆಚ್ಚಿ ಕೂರಬೇಡಿ.

"ಹಾಳಾದರೆ ಸರ್ಕಾರ ಕೊಡುತ್ತದೆ, ಎಂಎಲ್ಎಗೆ ಒಂದು ಮನವಿ ಕೊಟ್ಟರಾಯಿತು" ಎಂದವರಿಗೆ 2019ರ ಆಗಸ್ಟ್ ನೆನಪಿಸುತ್ತೇನೆ. ಬೆಳಗಾವಿ, ಬಾಗಲಕೋಟೆಯಿಂದ ಮಲೆನಾಡಿನವರೆಗೆ ನೆರೆ ಬಂದಾಗ ಶಾಲೆಗಳೂ ಸಮುದಾಯ ಭವನಗಳೂ ಕಾಳಜಿ ಕೇಂದ್ರಗಳಾದವು. ಊರಿಗೆ ಆಪತ್ತು ಬಂದಾಗ ಮೊದಲು ಬಾಗಿಲು ತೆರೆಯುವುದು ಇಂಥ ಕಟ್ಟಡಗಳೇ. ವಿಕೋಪ ಪರಿಹಾರ ನಿಧಿಯ ದುರಸ್ತಿ ನೆರವಿನ ಪಟ್ಟಿಯಲ್ಲಿರುವುದು ಮಾತ್ರ ಪಂಚಾಯಿತಿ ಒಡೆತನದ ಸಮುದಾಯ ಆಸ್ತಿ. ಸಂಘದ ಹೆಸರಿನಲ್ಲಿರುವ ಭವನಕ್ಕೆ ಅದರಲ್ಲಿ ಜಾಗವಿಲ್ಲ. ಮನವಿಗೆ ಅನುದಾನ ಬಂದರೆ ಸಂತೋಷ. ಬರುವವರೆಗೆ ತಗಡು ಹಾರಿಹೋದ ಭವನದಲ್ಲಿ ಬಾಡಿಗೆ ಹುಟ್ಟುವುದಿಲ್ಲ, ಕರೆಂಟು ಬಿಲ್ಲು ನಿಲ್ಲುವುದಿಲ್ಲ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: "ಕಂತು ಕಟ್ಟಿಸಿಕೊಳ್ಳುವಾಗ ನಗುತ್ತಾರೆ, ಕ್ಲೇಮಿಗೆ ಹೋದರೆ ಕಾನೂನು ಹೇಳುತ್ತಾರೆ." ಇದರಲ್ಲಿ ಸತ್ಯವಿದೆ. ಕೈ ಸುಟ್ಟುಕೊಂಡವರೇ ಹಾಗೆ ಹೇಳಿದ್ದಾರೆ. ಆದರೆ ಪೂರ್ತಿ ಹಣ ಬಾರದಿರಲು ಎಷ್ಟೋ ಸಲ ಕಾರಣ ಪಾಲಿಸಿ ಬರೆಸಿದ ದಿನವೇ ಹುಟ್ಟಿರುತ್ತದೆ. ಲೆಕ್ಕ ನೋಡಿ. ಮತ್ತೆ ಕಟ್ಟಲು 60 ಲಕ್ಷ ಬೇಕಾಗುವ ಕಟ್ಟಡಕ್ಕೆ ಕಂತು ಉಳಿಸಲೆಂದು 30 ಲಕ್ಷಕ್ಕೆ ವಿಮೆ ಬರೆಸಿದ್ದೀರಿ. ಬೆಂಕಿಯಲ್ಲಿ 10 ಲಕ್ಷದ ಹಾನಿಯಾಯಿತು. ನೀವು ಅರ್ಧ ಬೆಲೆಗೆ ವಿಮೆ ಮಾಡಿಸಿದ್ದರಿಂದ ಸಿಗುವುದೂ ಅರ್ಧ, 5 ಲಕ್ಷ. ಊರವರು ಇದನ್ನು ಮೋಸವೆನ್ನುತ್ತಾರೆ. ಪಾಲಿಸಿಯಲ್ಲಿ ಅದು ಮೊದಲಿನಿಂದಲೂ ಬರೆದಿರುವ ಷರತ್ತು. 2021ರ ಏಪ್ರಿಲ್ 1ರಿಂದ ಬಂದಿರುವ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಎಂಬ ಪಾಲಿಸಿ ಎಲ್ಲ ಕಂಪನಿಗಳಲ್ಲೂ ಒಂದೇ ಮಾದರಿಯದು, 5 ಕೋಟಿವರೆಗಿನ ಆಸ್ತಿಗೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಎಲ್ಲ ಅದರೊಳಗಿವೆ. ಅದರಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ಕಡಿಮೆ ಬರೆಸಿದರೆ ಮಾತ್ರ ಕತ್ತರಿ ಬೀಳುತ್ತದೆ.

ಇನ್ನೆರಡು ಕಡೆ ನಮ್ಮಂಥವರು ಎಡವುತ್ತೇವೆ. ಜಾಗ ಪಂಚಾಯಿತಿಯದು, ಕಟ್ಟಡ ಅನುದಾನದ್ದು, ನಡೆಸುವುದು ಸಂಘ, ಪಾಲಿಸಿ ಮಾತ್ರ ಆ ವರ್ಷದ ಅಧ್ಯಕ್ಷರ ಸ್ವಂತ ಹೆಸರಿನಲ್ಲಿ. ಹೀಗಿದ್ದರೆ ನಷ್ಟ ಯಾರದೆಂಬ ಪ್ರಶ್ನೆಯಲ್ಲೇ ಕ್ಲೇಮು ಸಿಕ್ಕಿಬೀಳುತ್ತದೆ. ಮೊದಲೇ ಕಾಗದಪತ್ರ ಸರಿಮಾಡಿಕೊಂಡು ಒಡೆತನ ಇರುವವರ, ನಡೆಸುವವರ ಹೆಸರುಗಳನ್ನು ಪಾಲಿಸಿಯಲ್ಲಿ ಸೇರಿಸಬೇಕು. ಎರಡನೆಯದು ಕಳವು. ನಾನು ಹೇಳಿದ ಸೂಕ್ಷ್ಮ ಉದ್ಯಮ್ ಪಾಲಿಸಿಯಲ್ಲಿ ಬೆಂಕಿ, ನೆರೆಯಂಥ ಘಟನೆಯಾದ ಏಳು ದಿನದೊಳಗೆ ಅದರಿಂದಲೇ ಆದ ಕಳ್ಳತನ ಮಾತ್ರ ಸೇರುತ್ತದೆ. ರಾತ್ರಿ ಬೀಗ ಮುರಿದು ಪಾತ್ರೆ ಹೊತ್ತರೆ ಅದಕ್ಕೆ ಬೇರೆ ಪಾಲಿಸಿ ಬೇಕು. ದಾಖಲೆ ಸಾಲದೆಂಬ ಒಂದೇ ನೆಪಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕಂಪನಿಗಳಿಗೆ ಹೇಳಿದೆ. ಅಷ್ಟರ ಮೇಲೂ ಅನ್ಯಾಯವಾದರೆ ಸಂಘದ ಹೆಸರಿನಲ್ಲೇ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಕೊನೆಗೆ ಹಣದ ಮಾತು. ನಾನು ವಿಚಾರಿಸಿಕೊಂಡು ಬಂದ ಲೆಕ್ಕದ ಪ್ರಕಾರ ನಮ್ಮ ಭವನದ ಒಂದು ವರ್ಷದ ಕಂತು, ಶೇಕಡಾ 18ರ ಜಿಎಸ್‌ಟಿ ಸೇರಿದರೂ, ಒಂದು ಮದುವೆಯ ಬಾಡಿಗೆಯೊಳಗೆ ಮುಗಿಯುತ್ತದೆ. ನಾವು ಬಣ್ಣಕ್ಕೆ, ವೇದಿಕೆಯ ಪರದೆಗೆ ಇದಕ್ಕಿಂತ ಹೆಚ್ಚು ಸುರಿದಿದ್ದೇವೆ, ಯಾರೂ ಚಕಾರ ಎತ್ತಲಿಲ್ಲ. ಏಣಿ ಹತ್ತಿ ಬಲ್ಬು ಹಾಕುವ, ಕಂಬ ನೆಟ್ಟು ಚಪ್ಪರ ಕಟ್ಟುವ ನಮ್ಮ ಹುಡುಗರಿಗೆ ಇನ್ನೂ ಸುಲಭದ ದಾರಿಯಿದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ವರ್ಷಕ್ಕೆ 20 ರೂಪಾಯಿ. ವಯಸ್ಸು 18ರಿಂದ 70. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಬ್ಯಾಂಕ್ ಖಾತೆಯಿದ್ದರೆ ಸಾಕು. ಸ್ವಯಂಸೇವಕರ ಪಟ್ಟಿಯಲ್ಲಿ ಇದನ್ನು ಮಾಡಿಸದವರ ಹೆಸರು ಒಂದೂ ಉಳಿಯಬಾರದು.

ವಿರೋಧಿಸಿದ ಹಿರಿಯರಲ್ಲಿ ಒಬ್ಬರು ಸಭೆ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ಸೀಸನ್ ಮುಗಿಯಲಿ, ಆಮೇಲೆ ನೋಡೋಣ" ಎಂದರು. ಅವರಿಗೂ ನಿಮಗೂ ಒಂದು ವಿನಂತಿ. ಸೀಸನ್ ಮುಗಿಯುವವರೆಗೆ ಕಾಯದೆ ವಿಶೇಷ ಸಭೆ ಕರೆಯೋಣ. ಕಟ್ಟಡದ ತೆರಿಗೆ ರಸೀದಿ, ವೈರಿಂಗ್ ಮಾಡಿದ ವರ್ಷದ ಬಿಲ್ಲು, ಸಂಘದ ನೋಂದಣಿ ಪತ್ರ ಯಾರ ಮನೆಯಲ್ಲಿದ್ದರೂ ತನ್ನಿ. ಬರುವ ತಿಂಗಳು ಭವನದಲ್ಲಿ ನಾಲ್ಕು ಮದುವೆಗಳು ಬುಕ್ ಆಗಿವೆ. ಕಂತಿನ ಹಣ ಮುಂಗಡವಾಗಿ ಕೈಸೇರದೆ ಯಾವ ಕಂಪನಿಯೂ ಹೊಣೆ ಹೊರುವಂತಿಲ್ಲವೆಂದು 1938ರ ವಿಮಾ ಕಾಯ್ದೆ ಹೇಳುತ್ತದೆ.