ಮೈದಾನ ನೋಡಿ ಆಟಕ್ಕಿಳಿಯೋಣ

2009ರ ಡಿಸೆಂಬರ್ 27ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಭಾರತ–ಶ್ರೀಲಂಕಾ ಏಕದಿನ ಪಂದ್ಯ 23.3 ಓವರ್‌ಗೇ ನಿಂತಿತು. ಚೆಂಡು ಬೇಕಾಬಿಟ್ಟಿ ಪುಟಿದು ಬ್ಯಾಟರ್‌ಗಳ ಮೈಗೆ ಬಡಿಯುತ್ತಿತ್ತು. ಟಿಕೆಟ್ ಕೊಂಡು ಬಂದ ಪ್ರೇಕ್ಷಕರಿದ್ದರೂ, ಪಿಚ್ ಅಪಾಯಕಾರಿ ಎಂದು ಪಂದ್ಯ ರದ್ದು ಮಾಡಲಾಯಿತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಯಲುಗಳಲ್ಲಿ ಇಂಥ ತೀರ್ಮಾನ ತೆಗೆದುಕೊಳ್ಳುವವರು ಯಾರು? ನಮ್ಮ ಭಾಗದಲ್ಲಿ ಎರೆಮಣ್ಣು ಹೆಚ್ಚು. ಮಳೆಗೆ ಹಿಗ್ಗುವ ಈ ಮಣ್ಣು ಚಳಿಗಾಲದಲ್ಲಿ ತೇವ ಆರಿದಂತೆ ಕುಗ್ಗಿ ಬಿರುಕು ಬಿಡುತ್ತದೆ. ಇಬ್ಬನಿ ಬಿದ್ದ ಹುಲ್ಲು ಜಾರುತ್ತದೆ, ನಸುಕಿನ ಮಬ್ಬಿನಲ್ಲಿ ಬಿರುಕು ಕಾಣುವುದಿಲ್ಲ. ಪೊಲೀಸ್ ದೈಹಿಕ ಪರೀಕ್ಷೆಗೆಂದು 1,600 ಮೀಟರ್ ಓಟದ ಅಭ್ಯಾಸ ನಡೆಸುವವರ ಪಾದ ಒಮ್ಮೆ ಹೊರಳಿದರೆ ವರ್ಷದ ತಯಾರಿಯೇ ನೀರುಪಾಲು.

ಕ್ರಿಕೆಟ್ ನಿಯಮದ ಪ್ರಕಾರ ಹುಲ್ಲು ಒದ್ದೆಯಾಗಿದೆ ಎಂಬುದಷ್ಟೇ ಆಟ ನಿಲ್ಲಿಸಲು ಕಾರಣವಾಗದು. ಬೌಲರ್‌ಗೆ ಕಾಲೂರಲು, ಫೀಲ್ಡರ್‌ಗೆ ಓಡಾಡಲು ಆಗದಷ್ಟು ನೆಲ ಜಾರುತ್ತಿದ್ದರೆ ಅಂಪೈರ್‌ಗಳು ನಿಲ್ಲಿಸಬೇಕು. ಇದೇ ಅಳತೆ ನಮಗೂ ಸಾಕು.

ಆಟಕ್ಕೆ ಮೊದಲು ಎರಡೂ ತಂಡದ ನಾಯಕರು ಬಯಲನ್ನು ಒಂದು ಸುತ್ತು ನಡೆಯಲಿ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು ನೋಡಲಿ. ಕಾಲು ಜಾರಿದರೆ ಬಿಸಿಲೇರುವವರೆಗೆ ಕಾಯಲಿ. ಶೂ ತುದಿ ಇಳಿಯುವಷ್ಟು ಬಿರುಕಿದ್ದರೆ ಮಣ್ಣು ತುಂಬಿ, ನೀರು ಹಾಕಿ, ಗಟ್ಟಿಯಾಗುವವರೆಗೆ ಅಲ್ಲಿ ಆಡುವುದು ಬೇಡ. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಆಟ ನಿಲ್ಲಲಿ. ಜಾತ್ರೆಯ ಟೂರ್ನಿಯನ್ನು ಮರುದಿನ ನಡೆಸಬಹುದು, ಮುರಿದ ಕಾಲು ಕೂಡಲು ತಿಂಗಳುಗಳೇ ಬೇಕು.