ಮನೆಯ ಗಣಕ: ಅಲಂಕಾರದ ದೋಷಕ್ಕೆ ಅಳಿಸುವ ಶಿಕ್ಷೆಯೇ?

ಅಕ್ಕಲಕೋಟೆಯ ಓದುಗ ಸೋದರಿಯೊಬ್ಬರ ಪತ್ರ ಈ ತಿಂಗಳ ಅಂಕಣಕ್ಕೆ ಕಾರಣವಾಗಿದೆ. ಅವರ ಮನೆಯ ಗಣಕಯಂತ್ರದ ಪರದೆಯನ್ನು ಮಗನು ಬಹಳ ಆಸ್ಥೆಯಿಂದ ಸಿಂಗರಿಸಿದ್ದನಂತೆ. ಹಿನ್ನೆಲೆಗೆ ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಕೆರೆ, ಮೂಲೆಯಲ್ಲಿ ಕನ್ನಡದಲ್ಲಿ ವಾರ ತೋರುವ ಗಡಿಯಾರ, ಕೆಳಗಿನ ಪಟ್ಟಿಗೂ ಹೊಸ ರೂಪ. ಒಂದು ರಾತ್ರಿ ವಿಂಡೋಸ್ ತಾನಾಗಿಯೇ ನವೀಕರಣಗೊಂಡಿತು. ಮರುದಿನದಿಂದ ಕೆಳಪಟ್ಟಿ ಮಾಯವಾಗುವುದು, ಮತ್ತೆ ಕಾಣುವುದು, ಕಡೆಗೆ ಪರದೆಯೆಲ್ಲ ಕಪ್ಪಾಗಿ ಬಾಣದ ಗುರುತೊಂದೇ ಉಳಿಯುವುದು ಆರಂಭವಾಯಿತು. ರಿಪೇರಿಯವರು ಬಂದು ನೋಡಿ, “ಫಾರ್ಮ್ಯಾಟ್ ಹೊಡದ್ರ ಎಲ್ಲಾ ಸರಿ ಹೋಗ್ತದ್ರಿ ವೈನಿ” ಎಂದರಂತೆ. ಮಾಡಿಸಲೇ ಎಂಬುದು ಸೋದರಿಯ ಪ್ರಶ್ನೆ.

ಬೇಡ. ಕನಿಷ್ಠಪಕ್ಷ ಈಗಲೇ ಬೇಡ.

ನಮ್ಮಂಥವರ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವುಂಟು. ಯೂನಿಕೋಡ್ ಪದ್ಧತಿ ರೂಢಿಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರರೂಪಗಳಲ್ಲಿ ಎಷ್ಟೋ ಬರವಣಿಗೆ ನಡೆಯಿತು: ಅಜ್ಜಿಯ ಬಾಯಿಂದ ಬರೆದುಕೊಂಡ ಬೀಸುವ ಪದಗಳು, ಲಗ್ನಪತ್ರಿಕೆಗಳು, ಕನ್ನಡ ಶಾಲೆಯ ಅರ್ಜಿಗಳು. ಆ ಕಡತಗಳ ಒಳಗಿರುವುದು ವಾಸ್ತವವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವನ್ನು ಕನ್ನಡವಾಗಿ ಕಾಣಿಸುವುದು ಆ ಅಕ್ಷರರೂಪ ಮಾತ್ರ. ವಿಂಡೋಸಿನ ಜೊತೆಗೆ ಅಕ್ಷರರೂಪವೂ ಅಳಿದುಹೋದರೆ, ಬೇರೆಡೆ ಜೋಪಾನವಾಗಿ ಉಳಿಸಿದ ಕಡತವೂ ಅರ್ಥವಿಲ್ಲದ ಚಿಹ್ನೆಗಳ ಸಂತೆಯಾಗಿ ತೆರೆದುಕೊಳ್ಳುತ್ತದೆ. ಮರಾಠಿಯ ಅಕ್ಷರರೂಪ ಕೇಳಿದೊಡನೆ ಸಿಗುವ ಪೇಟೆಯಲ್ಲಿ ಹಳೆಯ ಕನ್ನಡದ್ದು ಸಿಕ್ಕೀತೆಂಬ ಭರವಸೆಯಿಲ್ಲ. ಆದುದರಿಂದ ಮೊದಲ ಕೆಲಸ, ಕಡತಗಳನ್ನೂ ವಿಂಡೋಸ್ ಕೋಶದೊಳಗಿನ ‘ಫಾಂಟ್ಸ್’ ಕೋಶವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವುದು. ಪರದೆ ಕಪ್ಪಾಗಿದ್ದರೂ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಹೊಸ ಕೆಲಸವೆಂದು ‘ಎಕ್ಸ್‌ಪ್ಲೋರರ್’ ಹೆಸರು ಬರೆದು ಓಡಿಸಿದರೆ ಬಹುಮಟ್ಟಿಗೆ ಪರದೆ ಮರಳುತ್ತದೆ.

ಇನ್ನು ಈ ಮುನಿಸಿನ ಮೂಲ. ಸೊಲ್ಲಾಪುರದವರಿಗೆ ಜಕಾರ್ಡ್ ಹೊಸದಲ್ಲ. ಅದು ಮಗ್ಗದ ನೆತ್ತಿಯ ಮೇಲೆ ಕುಳಿತು, ರಂಧ್ರವಿರುವ ರಟ್ಟುಗಳ ಆಜ್ಞೆಯಂತೆ ಹಾಸಿನ ಎಳೆಗಳನ್ನೆತ್ತಿ ಚಾದರದ ಹೂವು ಮೂಡಿಸುತ್ತದೆ. ರಟ್ಟು ಹರಿದು ಹೂವು ಕೆಟ್ಟರೆ ನೇಕಾರನು ರಟ್ಟನ್ನು ಬದಲಿಸುವನೇ ಹೊರತು ಹಾಸನ್ನೇ ಕತ್ತರಿಸಿ ಎಸೆಯುವುದಿಲ್ಲ. ಅಲಂಕಾರ ತಂತ್ರಾಂಶಗಳೂ ಹಾಗೆಯೇ ಮೇಲೆ ಕುಳಿತವು. ಅವುಗಳಲ್ಲಿ ಎರಡು ಜಾತಿ. ರೈನ್‌ಮೀಟರಿನಂಥವು ಪ್ರತ್ಯೇಕವಾಗಿ ಓಡುತ್ತವೆ. ಕೆಟ್ಟರೆ ಸಾಮಾನ್ಯವಾಗಿ ತಾವು ಮಾತ್ರ ಮುಚ್ಚಿಕೊಳ್ಳುತ್ತವೆ. ಕೆಳಪಟ್ಟಿಯನ್ನೂ ಕಿಟಕಿಗಳ ಅಂಚನ್ನೂ ಬದಲಿಸುವಂಥವು ಎಕ್ಸ್‌ಪ್ಲೋರರಿನ ಒಳಗೇ ಹೊಕ್ಕು ಕೂರುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯು ಒಳರಚನೆಯನ್ನು ತುಸು ಬದಲಿಸಿದರೂ ಇವುಗಳ ಕಾಲು ತಪ್ಪುತ್ತದೆ, ಎಕ್ಸ್‌ಪ್ಲೋರರನ್ನೂ ಕೆಡವುತ್ತವೆ. ೨೦೨೧ರಲ್ಲಿ ವಿಂಡೋಸ್ ೧೧ ಬಂದಾಗ ಕೆಳಪಟ್ಟಿಯನ್ನು ಹೊಸದಾಗಿ ಕಟ್ಟಿದ್ದರಿಂದ ಎಷ್ಟೋ ಹಳೆಯ ಅಲಂಕಾರಗಳು ಒಮ್ಮೆಗೇ ನಿಷ್ಫಲವಾದವು. ಸ್ವತಃ ಮೈಕ್ರೋಸಾಫ್ಟ್ ೨೦೦೭ರಲ್ಲಿ ವಿಸ್ತಾದೊಡನೆ ಕೊಟ್ಟಿದ್ದ ಪುಟ್ಟ ‘ಗ್ಯಾಜೆಟ್’ಗಳನ್ನು ೨೦೧೨ರಲ್ಲಿ ಸುರಕ್ಷತೆಯ ದೋಷಕ್ಕಾಗಿ ನಿಲ್ಲಿಸಿರೆಂದು ತಾನೇ ಸಲಹೆಯಿತ್ತಿತು!

ದೋಷಿಯನ್ನು ಹಿಡಿಯುವ ಬಗೆ ಹೀಗೆ. ಶಿಫ್ಟ್ ಗುಂಡಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ಟ್ರಬಲ್‌ಶೂಟ್ ವಿಭಾಗದ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಿಂದ ‘ಸೇಫ್ ಮೋಡ್’ ಪ್ರವೇಶಿಸಬೇಕು. ಅಲ್ಲಿ ಹೊರಗಿನ ತಂತ್ರಾಂಶಗಳು ತಾವಾಗಿ ಏಳುವುದಿಲ್ಲ. ಅಲ್ಲಿ ಎಲ್ಲವೂ ನೆಟ್ಟಗಿದ್ದರೆ ವಿಂಡೋಸಿನ ಬುಡ ಗಟ್ಟಿಯಾಗಿದೆಯೆಂದೂ ದೋಷವು ಮೇಲೆ ಕುಳಿತ ಯಾವುದೋ ಒಂದರಲ್ಲಿದೆಯೆಂದೂ ಊಹಿಸಬಹುದು. ಬಳಿಕ ‘ಈವೆಂಟ್ ವ್ಯೂವರ್’ ತೆರೆದು, ಅಪ್ಲಿಕೇಶನ್ ದಾಖಲೆಯಲ್ಲಿ ಕೆಂಪು ಗುರುತಿನ, ೧೦೦೦ ಎಂಬ ಸಂಖ್ಯೆಯ ನಮೂದನ್ನು ಹುಡುಕಿರಿ. ಅದರಲ್ಲಿ ಎರಡು ಹೆಸರುಗಳಿರುತ್ತವೆ: ಬಿದ್ದ ತಂತ್ರಾಂಶ ಒಂದು, ಬೀಳುವಾಗ ಓಡುತ್ತಿದ್ದ ಭಾಗ, ಅಂದರೆ ‘ಫಾಲ್ಟಿಂಗ್ ಮಾಡ್ಯೂಲ್’, ಇನ್ನೊಂದು. ಅನೇಕರು ಮೊದಲನೆಯದನ್ನಷ್ಟೇ ಓದಿ ಎಕ್ಸ್‌ಪ್ಲೋರರನ್ನು ಬೈಯುತ್ತಾರೆ. ಓದಬೇಕಾದುದು ಎರಡನೆಯದನ್ನು, ಅಲ್ಲಿ ಅಲಂಕಾರದ ತಂತ್ರಾಂಶದ ಹೆಸರು ಕಂಡರೆ ಅರ್ಧ ಕೆಲಸ ಮುಗಿಯಿತು. ಆದರೆ ‘ಎನ್‌ಟಿಡಿಎಲ್‌ಎಲ್’ ಎಂದಿದ್ದರೆ ಅವಸರದ ತೀರ್ಪು ಬೇಡ. ಅದು ವಿಂಡೋಸಿನದೇ ಭಾಗ. ಪರರ ತಪ್ಪು ಎಷ್ಟೋ ವೇಳೆ ಅಲ್ಲಿಗೆ ಬಂದು ಸ್ಫೋಟಿಸುತ್ತದೆ.

ಹೆಸರು ಸಿಗದಿದ್ದಲ್ಲಿ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಅರ್ಧದಷ್ಟನ್ನು ನಿಲ್ಲಿಸಿ ಗಣಕವನ್ನು ಮತ್ತೆ ಆರಂಭಿಸಿರಿ. ತೊಂದರೆ ನಿಂತರೆ ದೋಷಿಯು ನಿಲ್ಲಿಸಿದ ಅರ್ಧದಲ್ಲಿದ್ದಾನೆ, ನಿಲ್ಲದಿದ್ದರೆ ಉಳಿದರ್ಧದಲ್ಲಿ. ಹೀಗೆ ಅರ್ಧಿಸುತ್ತ ಹೋದರೆ ಹದಿನಾರರಲ್ಲಿ ಒಂದನ್ನು ನಾಲ್ಕೇ ಸಲಕ್ಕೆ ಹಿಡಿಯಬಹುದು. ಸಿಕ್ಕ ತಂತ್ರಾಂಶದ ಹೊಸ ಆವೃತ್ತಿ ಬಂದಿದ್ದರೆ ಹಾಕಿರಿ. ಬಾರದಿದ್ದರೆ ಮಗನು ಮುನಿದರೂ ತೆಗೆದುಬಿಡಿ.

ಕನ್ನಡ ಗಡಿಯಾರದ ಮಾತು ಬೇರೆ. ವಾರದ ಹೆಸರಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ವಿಕಾರ ಅಕ್ಷರಗಳೋ ಕಾಣುತ್ತವೆಯೆಂದು ಸೋದರಿಯವರು ಬರೆದಿದ್ದಾರೆ. ಅದು ರೈನ್‌ಮೀಟರಿನ ಗಡಿಯಾರವಾಗಿದ್ದರೆ ಗಣಕ ಬೀಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಗಡಿಯಾರದ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಕನ್ನಡ ಹೆಸರುಗಳನ್ನು ಯೂನಿಕೋಡಿನಲ್ಲಿ ಮತ್ತೆ ಬರೆದು, ಉಳಿಸುವಾಗ ಸಂಕೇತಪದ್ಧತಿಯನ್ನು ‘ಯುಟಿಎಫ್-೧೬ ಎಲ್‌ಇ’ ಎಂದು ಆರಿಸಬೇಕು. ಅನಂತರ ಗಡಿಯಾರದ ಮೇಲೆ ಬಲಗುಂಡಿ ಒತ್ತಿ ‘ರಿಫ್ರೆಶ್’ ಮಾಡಿದರೆ ಸೋಮವಾರವು ಸೋಮವಾರವಾಗಿಯೇ ಕಾಣುತ್ತದೆ.