ಹಿಂದಿನ ಕಾಲದ ಗಂಡಸರು

ಈಚೆಗೆ ನಮ್ಮ ಭಾಗದಲ್ಲಿ ಒಂದು ನಿಶ್ಚಿತಾರ್ಥ ಮುರಿದು ಬೀಳುವುದರಲ್ಲಿತ್ತು. ವರದಕ್ಷಿಣೆಯ ತಕರಾರು ಇರಲಿಲ್ಲ. ಹುಡುಗನ ನಡತೆಯ ಬಗೆಗೂ ಯಾರೂ ಬೆರಳು ತೋರಿಸಿರಲಿಲ್ಲ. ಹುಡುಗ ಮಂಗಳೂರಿನಲ್ಲಿ ನರ್ಸ್ ಆಗಿದ್ದಾನೆ. 'ಆಸ್ಪತ್ರೆಯಲ್ಲಿ ಕೆಲಸ' ಎಂದಷ್ಟೇ ತಿಳಿದಿದ್ದ ಹುಡುಗಿಯ ತಂದೆಗೆ ಆ ಕೆಲಸವೇನೆಂಬುದು ಯಾರದೋ ಬಾಯಿಂದ ತಿಳಿದುಬಂದಾಗ ಮನಸ್ಸು ಕಹಿಯಾಯಿತು. ಒಂದು ಸಂಜೆ ಅವರು ನಮ್ಮಲ್ಲಿಗೆ ಬಂದು ಕುಳಿತರು. "ಹಾಸಿಗೆ ಹಿಡಿದವರ ಮೈ ಒರೆಸುವುದು, ಮಲಮೂತ್ರದ ಪಾತ್ರೆ ತೆಗೆಯುವುದು ಗಂಡಸು ಮಾಡುವ ಕೆಲಸವೇ ಫಾದರ್? ಹಿಂದಿನ ಕಾಲದ ಗಂಡಸರು ಈಗ ಎಲ್ಲಿದ್ದಾರೆ ಹೇಳಿ" ಎಂದರು. (ಎರಡೂ ಮನೆಯವರ ಒಪ್ಪಿಗೆ ಪಡೆದು, ಹೆಸರು ಊರುಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇವೆ.)

ಈ ಪ್ರಶ್ನೆಯನ್ನು ನಾವು ಕೇಳಿದ್ದು ಅದೇ ಮೊದಲಲ್ಲ. ಹಬ್ಬದ ಊಟದ ಪಂಕ್ತಿಯಲ್ಲಿ, ಮರಣದ ಮನೆಯ ಜಗಲಿಯಲ್ಲಿ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹಿರಿಯರು ಇದೇ ಮಾತನ್ನು ಆಡುತ್ತಾರೆ. ಆದುದರಿಂದ ಅವರನ್ನು ತಡೆಯದೆ ಮಾತನಾಡಲು ಬಿಟ್ಟೆವು. ಅವರು ಮಾತನಾಡಿದ್ದು ತಮ್ಮ ತಂದೆಯ ಬಗ್ಗೆ.

ಬೇಲೆಕೇರಿಯ ಕೊಲ್ಲಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ದಿನಗಳನ್ನು ಕಂಡವರು ಈಗಲೂ ಇದ್ದಾರೆ. ದೋಣಿ ಬಲೆಯನ್ನು ಬಿಡುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ ಬರುತ್ತಿತ್ತು. ಬಳಿಕ ದಂಡೆಯ ಎರಡು ತುದಿಗಳಲ್ಲಿ ನಿಂತ ಹತ್ತಾರು ಮಂದಿ, ಕೆಲವೊಮ್ಮೆ ನೂರರ ಹತ್ತಿರದ ಜನ, ಒಂದೇ ಉಸಿರಿನಲ್ಲಿ ಹಗ್ಗ ಎಳೆಯಬೇಕಿತ್ತು. ನಮ್ಮ ಈ ಹಿರಿಯರು ಹನ್ನೆರಡನೆಯ ವಯಸ್ಸಿನಲ್ಲಿ ಆ ಹಗ್ಗಕ್ಕೆ ಕೈ ಹಚ್ಚಿದವರು. ತಂದೆಯ ಬೆನ್ನ ಹಿಂದೆ ನಿಂತು ಎಳೆದದ್ದು, ಅಂಗೈ ಸುಲಿದು ರಕ್ತ ಬಂದಾಗ ತಂದೆ ತಿರುಗಿ ನೋಡಿ ಏನೂ ಹೇಳದೆ ಮತ್ತೆ ಹಗ್ಗಕ್ಕೆ ಬಾಗಿದ್ದು, ಸಂಜೆ ತಮ್ಮ ಪಾಲಿಗೆಂದು ಬಂದ ನಾಲ್ಕು ಬಂಗಡೆಗಳನ್ನು ತಾಯಿಯ ಕೈಗೆ ಕೊಟ್ಟದ್ದು, ಇವನ್ನೆಲ್ಲ ಹೇಳುವಾಗ ಅವರ ಧ್ವನಿ ನಡುಗಿತು. 1970ರ ದಶಕದ ಉತ್ತರಾರ್ಧದಲ್ಲಿ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ದಂಡೆಗೆ ಬರುವ ಮೊದಲೇ ಮೀನಿನ ಹಿಂಡುಗಳನ್ನು ಅವು ಕಡಲಿನಲ್ಲಿಯೇ ಸುತ್ತಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿಯ ಕಾಲ ಮುಗಿಯಿತು.

ಇಲ್ಲಿ ನಮಗೆ ಒಂದು ವಿಚಾರ ಹೊಳೆಯಿತು. 'ಈಗ ಗಂಡಸರಿಲ್ಲ' ಎಂದು ಮರುಗುವ ಅನೇಕರು ನಿಜವಾಗಿ ಮರುಗುತ್ತಿರುವುದು ಕೆಲಸಕ್ಕಾಗಿ. ನೂರು ಜನರ ತೋಳುಗಳು ಬೇಕಾಗಿದ್ದ ದಂಡೆಗೆ ಇಂದು ಒಂದು ಯಂತ್ರ ಸಾಕು. ಈ ನಮ್ಮ ಬೇಲೆಕೇರಿಯ ಹೆಸರು ಹೊರಗಿನವರಿಗೆ ಗೊತ್ತಾದದ್ದೇ 2010ರಲ್ಲಿ ಬಂದರಿನಿಂದ ಕಾಣೆಯಾದ ಮುಟ್ಟುಗೋಲಿನ ಅದಿರಿನ ಹಗರಣದಿಂದ. ಇಲ್ಲಿ ಜನ ಹೇಗೆ ಬದುಕಿದರೆಂದು ಕೇಳುವವರು ಯಾರೂ ಇಲ್ಲ. ತನ್ನ ತೋಳು ಯಾರಿಗೂ ಬೇಡವೆಂದು ತಿಳಿದ ಪುರುಷನು ಆ ನೋವನ್ನು ನೋವೆಂದು ಹೇಳಲು ಕಲಿತಿಲ್ಲ. ಅವನು ಅದನ್ನು ಅಭಿಮಾನದ ಮಾತಾಗಿ ಹೇಳುತ್ತಾನೆ, ಇಲ್ಲವೆ ಸಿಟ್ಟಾಗಿ ಮನೆಗೆ ತರುತ್ತಾನೆ. ಹಳೆಯ ಗಂಡಸುತನದ ಹಂಬಲವನ್ನು ಕೇವಲ ಅಹಂಕಾರವೆಂದು ತಳ್ಳಿಹಾಕುವ ವಿದ್ಯಾವಂತರು ಇದನ್ನು ಗಮನಿಸಬೇಕು. ಆ ಹಂಬಲದಲ್ಲಿ ಸತ್ಯದ ಅಂಶವಿದೆ. ಹಸಿದ ಮನೆಗೆ ಏನಾದರೂ ತರದೆ ಹಿಂದಿರುಗಬಾರದೆಂದು ಮಳೆಗಾಲದ ಕಡಲಿಗೆ ದೋಣಿ ನೂಕಿದವರು ನಮ್ಮ ಅಜ್ಜಂದಿರು. ಆಡಿದ ಮಾತಿಗೆ ತಪ್ಪದ ನಡೆ, ಸಾಲ ತೀರಿಸದೆ ಸಾಯಬಾರದೆಂಬ ಹಠ, ನೆರೆಮನೆಯ ಶವಕ್ಕೆ ಮೊದಲು ಹೆಗಲು ಕೊಡುವ ಶೀಲ ಅವರಲ್ಲಿದ್ದವು. ಅವುಗಳನ್ನು ಕಳೆದುಕೊಂಡು ನಾವು ಶ್ರೀಮಂತರಾಗಲಾರೆವು.

ಆದರೆ ಆ ಸಂಜೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ರಂಪಣಿ ನಿಂತ ಮೇಲೆ ಅವರು ಮುಂಬಯಿಗೆ ಹೋದರು, ಅಲ್ಲಿಂದ ಹಡಗು ಹತ್ತಿದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಡಗಿನಲ್ಲಿ ಅವರು ಮಾಡಿದ ಉದ್ಯೋಗ ಯಾವುದು? ಅಡುಗೆ! ನಸುಕಿನಲ್ಲಿ ಎದ್ದು ಹಿಟ್ಟು ನಾದಿ, ಈರುಳ್ಳಿ ಹೆಚ್ಚಿ, ನೂರಾರು ಜನರಿಗೆ ಬಡಿಸಿ, ಪಾತ್ರೆ ತೊಳೆದು ಮಕ್ಕಳನ್ನು ಓದಿಸಿದವರು ಅವರು. ಅದು ಮರ್ಯಾದೆಯ ದುಡಿಮೆ. ಆದರೆ ರಜೆಯಲ್ಲಿ ಮನೆಗೆ ಬಂದಾಗ ಒಂದು ದಿನವಾದರೂ ಒಲೆಯ ಮುಂದೆ ನಿಂತದ್ದುಂಟೇ ಎಂದು ನಾವು ಕೇಳಿದೆವು. ಅವರು ನಕ್ಕುಬಿಟ್ಟರು. "ಮನೆಯಲ್ಲಿ ಹೆಂಗಸರಿರುವಾಗ ನಾನು ಯಾಕೆ ಫಾದರ್?" ಎಂದರು. ಸಂಬಳಕ್ಕೆ ಹಿಡಿದ ಸೌಟು ಗಂಡಸಿನದು, ಪ್ರೀತಿಗೆ ಹಿಡಿದರೆ ಹೆಂಗಸಿನದು! ತರ್ಕಶಾಸ್ತ್ರವನ್ನು ವರ್ಷಗಟ್ಟಲೆ ಓದಿದ ನಮಗೆ ಈ ಸೂತ್ರ ಬಿಡಿಸಲಾಗಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ಕೇಳಲೋ ಬೇಡವೋ ಎಂದು ಹಿಂಜರಿದು ಕೇಳಿದೆವು. ಅವರು ಕಡಲಿನಲ್ಲಿದ್ದಾಗ ಅವರ ತಾಯಿ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಅವರ ಮೈ ಒರೆಸಿದವರು ಯಾರು? ಉತ್ತರ ಇಬ್ಬರಿಗೂ ಗೊತ್ತಿತ್ತು. ಆ ತಾಯಿಯನ್ನು ತೊಳೆದು, ಹಾಸಿಗೆ ಬದಲಿಸಿ, ನಡುವೆ ಮಳೆಗಾಲಕ್ಕೆ ಮುನ್ನ ಹೆಂಚು ಹೊದಿಸಿ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಸಂಜೆ ಜಪಸರ ಹೇಳಿಸಿ ಮಕ್ಕಳಿಗೆ ಬೆಸಾಂವ್ ಕೊಟ್ಟವರು ಅವರ ಹೆಂಡತಿ. ಆಕೆ ಮಾಡಿದ ಆ ಕೆಲಸವನ್ನು ಒಬ್ಬ ಗಂಡಸು ಪರರ ತಾಯಿಗೆ ಮಾಡಿದರೆ ಅದು ಕೀಳಾಗುವುದು ಹೇಗೆ? ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ಸದ್ಗುಣಕ್ಕೆ 'ವಿರ್ತುಸ್' ಎನ್ನುತ್ತಾರೆ. ಅದು ಪುರುಷ ಎಂಬರ್ಥದ 'ವಿರ್' ಶಬ್ದದಿಂದ ಹುಟ್ಟಿದ್ದು. ನಮ್ಮ 'ಪೌರುಷ'ದಂತೆಯೇ ಇದು ಪರಾಕ್ರಮವನ್ನು ಗಂಡಸಿಗೆ ಬರೆದುಕೊಟ್ಟ ಪತ್ರ. ಆದರೆ ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವೀನಾಸರು ಧೈರ್ಯವೆಂಬ ಸದ್ಗುಣವನ್ನು ವಿಮರ್ಶಿಸುವಾಗ ಒಂದು ಆಶ್ಚರ್ಯದ ನಿರ್ಣಯಕ್ಕೆ ಬಂದರು. ಅವರ ಪ್ರಕಾರ ಧೈರ್ಯದ ಮುಖ್ಯ ಕ್ರಿಯೆ ಮೇಲೆ ಬಿದ್ದು ಹೊಡೆಯುವುದಲ್ಲ, ಅಪಾಯದ ನಡುವೆ ಕದಲದೆ ನಿಂತು ತಾಳಿಕೊಳ್ಳುವುದು. ಆಕ್ರಮಿಸುವವನಿಗೆ ತಾನು ಬಲಿಷ್ಠನೆಂಬ ಭಾವವಿರುತ್ತದೆ, ತಾಳಿಕೊಳ್ಳುವವನು ತನಗಿಂತ ಬಲಿಷ್ಠವಾದುದನ್ನು ಎದುರಿಸುತ್ತಾನೆ. ಅಂಕೋಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದವರೂ, ಮುಂದೆ ಕರನಿರಾಕರಣೆಯಲ್ಲಿ ಮನೆ ಹೊಲ ಕಳೆದುಕೊಂಡವರೂ ಹೊಡೆದು ಗೆದ್ದವರಲ್ಲ. ಅದಕ್ಕಾಗಿ ಅವರನ್ನು ಗಂಡಸರಲ್ಲವೆಂದು ಯಾರೂ ಹೇಳಲಿಲ್ಲ, ಈ ತಾಲೂಕಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರೇ ಬಂತು. ತಾಳಿಕೆಯೇ ಧೈರ್ಯದ ತಿರುಳಾದರೆ, ನಮ್ಮ ಮನೆಗಳಲ್ಲಿ ಆ ಸದ್ಗುಣವನ್ನು ಹೆಚ್ಚು ಹೊತ್ತವರು ಯಾರೆಂಬ ಪ್ರಶ್ನೆ ಏಳುತ್ತದೆ. ಪುರುಷನಾದ ನಾವು ಅದಕ್ಕೆ ಉತ್ತರ ಬರೆಯಲು ಸ್ವಲ್ಪ ನಾಚುತ್ತೇವೆ.

ಹಳೆಯ ಕಾಲವನ್ನು ಹೊಗಳುವಾಗ ಬಾಗಿಲ ಹಿಂದಿನದನ್ನು ಮರೆಯುವುದು ಸುಲಭ. ಪಾಪನಿವೇದನೆಯ ಪೀಠದಲ್ಲಿ ಕೇಳಿದ್ದನ್ನು ಧರ್ಮಗುರು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಹೊರಗೆ ಎಲ್ಲರಿಗೂ ಕಾಣುವುದು ಸಾಕು. ಸೆರಗನ್ನು ಕೆನ್ನೆಯವರೆಗೆ ಎಳೆದುಕೊಂಡು ಕೊನೆಯ ಬೆಂಚಿನಲ್ಲಿ ಕೂರುವ ಹೆಂಗಸರಿದ್ದರು. ಭಾನುವಾರ ಬಾರದಿದ್ದವರೂ ಇದ್ದರು. 'ಅವನು ಕುಡಿದಾಗ ಮಾತ್ರ ಹಾಗೆ' ಎಂಬ ಸಮಾಧಾನದ ಮಾತನ್ನು ನಮ್ಮಂಥವರೂ ಆಡಿದ್ದೇವೆ. ಅದು ತಪ್ಪು. ಇದೇ ತಾಲೂಕಿನ ಬಡಿಗೇರಿಯಲ್ಲಿ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರು ಹಾಡಿನಷ್ಟೇ ಗಟ್ಟಿ ಧ್ವನಿಯಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಎಬ್ಬಿಸಿದರು. 2017ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸರಕಾರ ಸಾರಾಯಿಯನ್ನು ನಿಷೇಧಿಸಿದ್ದು 2007ರಲ್ಲಿ. ಬಾಟಲಿಯ ಹೆಸರು ಬದಲಾಯಿತೇ ಹೊರತು ಹೊಡೆತದ ಸದ್ದು ಎಲ್ಲ ಮನೆಗಳಲ್ಲೂ ನಿಂತಿಲ್ಲ.

ಕಾನೂನು ಕೂಡ ಬಹುಕಾಲ ಗಂಡಸಿನ ಪಕ್ಕದಲ್ಲೇ ಕುಳಿತಿತ್ತು. ಕ್ರೈಸ್ತರಿಗೆ ಅನ್ವಯಿಸುತ್ತಿದ್ದ 1869ರ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ವಿವಾಹಬಂಧನ ಅಳಿಯದೆಂಬ ಧರ್ಮಸಭೆಯ ಬೋಧನೆ ಬೇರೆಯ ಮಾತು. ಆದರೆ ಒಂದೇ ಪಾಪಕ್ಕೆ ಎರಡು ತಕ್ಕಡಿ ಇಟ್ಟದ್ದನ್ನು ಯಾವ ನೀತಿಶಾಸ್ತ್ರವೂ ಸಮರ್ಥಿಸಲಾರದು. ಅದು ತಿದ್ದುಪಡಿಯಾಗಲು 2001ರವರೆಗೆ ಕಾಯಬೇಕಾಯಿತು.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ಹೆಣ್ಣನ್ನು ಅವಮಾನಿಸುವ ಪುರುಷಮೇಲ್ಮೆಯ ಭಾವವನ್ನು ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿಯೇ ಖಂಡಿಸಿದರು. ಮನೆಗೆಲಸದಲ್ಲಿ, ಮಕ್ಕಳ ಪಾಲನೆಯಲ್ಲಿ ಕೈಜೋಡಿಸುವುದರಿಂದ ಪುರುಷತ್ವ ಕುಂದುವುದಿಲ್ಲವೆಂದು ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಸ್ಪಷ್ಟವಾಗಿ ಬರೆದರು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ಪ್ರೇಷಿತ ಪೌಲರ ಮಾತನ್ನು ಮದುವೆಯ ದಿನ ನೆನಪಿಸುವ ಮಾವಂದಿರು, ಅದರ ಹಿಂದಿನ ವಾಕ್ಯದಲ್ಲಿ ಪರಸ್ಪರ ಅಧೀನತೆಯನ್ನು ಬೋಧಿಸಿರುವುದನ್ನು ಓದದೆ ಪುಟ ಮಗುಚುವುದು ನಮಗೆ ಅಭ್ಯಾಸವಾಗಿ ಹೋಗಿದೆ.

ಹೊಸ ಗಂಡಸುತನದ ಹೆಸರಿನಲ್ಲಿ ಬರುವುದೆಲ್ಲವೂ ಚಿನ್ನವೆಂದು ನಾವು ಹೇಳುತ್ತಿಲ್ಲ. ಮೊಬೈಲಿನಲ್ಲಿ ಪೌರುಷ ಕಲಿಸುವ ಗುರುಗಳು ಹುಟ್ಟಿಕೊಂಡಿದ್ದಾರೆ. ಉಬ್ಬಿದ ತೋಳು, ವೇಗದ ಬೈಕು, ಹೆಣ್ಣನ್ನು ಕುರಿತ ತಿರಸ್ಕಾರ, ಇವೇ ಅವರ ಪಾಠ. ಹಗ್ಗ ಎಳೆಯದ ತೋಳಿನ ಪ್ರದರ್ಶನವಿದು. ಇನ್ನೊಂದು ಕಡೆ, ಯಾವ ಹೊಣೆಯೂ ಬೇಡ, ಮಾತು ಕೊಡುವುದೂ ಬೇಡ ಎಂಬ ನಯವಾದ ಜಾರುಗಾರಿಕೆಯನ್ನು ಸ್ವಾತಂತ್ರ್ಯವೆಂದು ಕರೆಯುವ ಯುವಕರಿದ್ದಾರೆ. ಮದುವೆಯ ಸಿದ್ಧತಾ ಶಿಬಿರದಲ್ಲಿ ಅವರನ್ನು ನೋಡಿದಾಗ ರಂಪಣಿಯ ಅಜ್ಜಂದಿರು ನಮಗೂ ನೆನಪಾಗುತ್ತಾರೆ.

ನಮ್ಮದೇ ಒಂದು ತಪ್ಪೊಪ್ಪಿಗೆಯನ್ನೂ ಸೇರಿಸಬೇಕು. ಗುರುಮಠದಲ್ಲಿ ನಾವು ಗಂಡಸರೇ ಕಸ ಗುಡಿಸಿದೆವು, ಪಾತ್ರೆ ತಿಕ್ಕಿದೆವು, ಜ್ವರ ಬಂದವನ ವಾಂತಿ ಬಳಿದೆವು. ಯಾರಿಗೂ ಅದು ಹೆಣ್ಣುಕೆಲಸವೆಂದು ತೋರಲಿಲ್ಲ. ದೀಕ್ಷೆಯಾದ ಮರುವರ್ಷದಿಂದ ನಮ್ಮ ತಟ್ಟೆಯನ್ನು ಬೇರೆಯವರು ತೊಳೆಯುತ್ತಿದ್ದಾರೆ. ಆ ಸಂಜೆ ಆ ಹಿರಿಯರನ್ನು ಪ್ರಶ್ನಿಸುವಾಗ ಈ ಸಂಗತಿ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಅವರಿಗೆ ನಾವು ಇಬ್ಬರು ಸಂತರ ಕಥೆ ಹೇಳಿದೆವು. ಸಂತ ಯೊವಾನ್ನ ದೇ ದೇವುಸರು ಪೋರ್ಚುಗಲ್ಲಿನಲ್ಲಿ ಹುಟ್ಟಿ ಸೈನಿಕರಾಗಿದ್ದವರು. ಸ್ಪೇನಿನ ಗ್ರಾನಾಡದಲ್ಲಿ ರೋಗಿಗಳನ್ನು ಬೆನ್ನ ಮೇಲೆ ಹೊತ್ತು ತಂದು ಆರೈಕೆ ಮಾಡಿ 1550ರಲ್ಲಿ ತೀರಿಕೊಂಡರು. ಅದೇ ವರ್ಷ ಇಟಲಿಯಲ್ಲಿ ಹುಟ್ಟಿದ ಕಮಿಲ್ಲಸರೂ ಸೈನಿಕರೇ. ಆಳೆತ್ತರಕ್ಕೂ ಮೀರಿದ ದೇಹ, ಮುಂಗೋಪ, ಇದ್ದುದೆಲ್ಲ ಕಳೆಯುವಷ್ಟು ಜೂಜಿನ ಚಟ. ಹಿಂದಿನ ಕಾಲದ ಗಂಡಸು ಎಂದರೆ ಹೀಗೆಯೇ ಅಲ್ಲವೇ? ವಾಸಿಯಾಗದ ಕಾಲಿನ ಹುಣ್ಣು ಅವರನ್ನು ರೋಮಿನ ಆಸ್ಪತ್ರೆಗೆ ತಂದಿತು. ಅಲ್ಲಿ ರೋಗಿಗಳ ದುರವಸ್ಥೆಯನ್ನು ಕಂಡ ಅವರು ಮುಂದೆ ರೋಗಿಗಳ ಸೇವೆಗಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿದ ಆ ಪುರುಷರು ಪ್ಲೇಗು ಬಂದ ಊರುಗಳಿಗೆ, ಉಳಿದವರು ಓಡಿಹೋಗುವ ಹೊತ್ತಿನಲ್ಲಿ, ನಡೆದು ಹೋದರು. ಇಂದಿಗೂ ಈ ಇಬ್ಬರು ಮಾಜಿ ಸೈನಿಕರೇ ರೋಗಿಗಳಿಗೂ ನರ್ಸುಗಳಿಗೂ ಪಾಲಕ ಸಂತರು.

ಇನ್ನು ದೂರದ ಉದಾಹರಣೆ ಬೇಡ. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಚಹದಂಗಡಿಯೂ ಮಣ್ಣು ಪಾಲಾದಾಗ, ಕೆರಳಿದ ಗಂಗಾವಳಿಗೆ ಮಲ್ಪೆಯ ಈಶ್ವರ್ ಅವರು ಹಗ್ಗ ಕಟ್ಟಿಕೊಂಡು ಇಳಿದದ್ದನ್ನು ಇಡೀ ನಾಡು ಕಂಡಿತು. ಹೆಣವಾದರೂ ಸಿಗಲೆಂದು ಪರರ ಮನೆಯ ಮಗನಿಗಾಗಿ ಇಳಿದರು. ಕೇರಳದ ಆ ಚಾಲಕನ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅಲ್ಲಿಯವರೆಗೆ ಆ ನದೀತೀರದಲ್ಲಿ ಗಂಡಸರು ಬಹಿರಂಗವಾಗಿ ಅತ್ತರು. ಅವರ ಗಂಡಸುತನ ಕಡಿಮೆಯಾಯಿತೆಂದು ಅಂದು ಯಾರಿಗೂ ಅನಿಸಲಿಲ್ಲ.

ಕೊನೆಗೆ ಎದ್ದು ನಿಂತಾಗ ಆ ಹಿರಿಯರು ಒಂದು ಮಾತು ಕೇಳಿದರು. "ಪ್ರಭು ಯೇಸು ಯಾವಾಗಲಾದರೂ ಅಡುಗೆ ಮಾಡಿದ್ದುಂಟೇ ಫಾದರ್?" ಹಾಸ್ಯಕ್ಕೆ ಕೇಳಿದರೋ ಏನೋ. ನಾವು ಸಂತ ಯೊವಾನ್ನರ ಶುಭಸಂದೇಶದ ಇಪ್ಪತ್ತೊಂದನೆಯ ಅಧ್ಯಾಯವನ್ನು ತೆರೆದು ಅವರ ಕೈಗಿತ್ತೆವು. ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗದ ಬೆಸ್ತರು ನಸುಕಿನಲ್ಲಿ ದಡಕ್ಕೆ ಬರುತ್ತಾರೆ. ಮರಣವನ್ನು ಗೆದ್ದು ಬಂದ ಪ್ರಭು ದಂಡೆಯ ಮೇಲೆ ಕೆಂಡ ಹೊತ್ತಿಸಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಅವರಿಗಾಗಿ ಕಾದಿರುತ್ತಾರೆ. ಬನ್ನಿ, ಊಟ ಮಾಡಿ ಎಂದು ಕರೆಯುತ್ತಾರೆ. ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ ಅವರು ಅದನ್ನು ಎರಡು ಸಲ ಓದಿದರು. "ಕೆಂಡದ ಮೇಲೆ ಸುಟ್ಟದ್ದೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹಳೆಯ ಅಡುಗೆಯವರಲ್ಲವೇ.

ಮದುವೆಯ ಮೊದಲ ಘೋಷಣೆಯನ್ನು ಕಳೆದ ಭಾನುವಾರ ಓದಿದೆವು. ಅವರು ಎಂದಿನ ಬೆಂಚಿನಲ್ಲಿಯೇ ಕುಳಿತಿದ್ದರು. ಪೂಜೆಯ ಬಳಿಕ ಅಂಗಳದಲ್ಲಿ ಯಾರೋ ಅಳಿಯನ ಉದ್ಯೋಗ ಕೇಳಿದಾಗ, ಆಸ್ಪತ್ರೆಯಲ್ಲಿ ಕೆಲಸ ಎಂದರು. ಸ್ವಲ್ಪ ತಡೆದು, ನರ್ಸ್ ಎಂದರು.